ಪಾಸ್‌ವರ್ಡ್ ಹಾಕಿದ ಗಂಟಿನೊಳಗಿನ ಸಹಿ

2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಚಿನ್ನದ ಗಣಿ ಮುಚ್ಚಿತು. ಆಂಡರ್ಸನ್‌ಪೇಟೆಯವರಿಗೆ ಆ ವರ್ಷ ನೆನಪಿರುವುದು ಅದರಿಂದಲೇ. ಅದೇ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ‘ಭೂಮಿ’ ಯೋಜನೆ ಬಂದು, ಕೈಬರಹದ ಪಹಣಿ ಕಂಪ್ಯೂಟರಿಗೆ ಏರುತ್ತಿತ್ತು. ಕೆಜಿಎಫ್ ಆಗ ಬಂಗಾರಪೇಟೆ ತಾಲ್ಲೂಕಿನಲ್ಲಿತ್ತು.

ಕಾಗದವೇ ಇಲ್ಲದ ಮೇಲೆ ಸಹಿ ಎಲ್ಲಿ ಹಾಕುವುದು? 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟಿತು. ಇವತ್ತು ಇ-ಸ್ವತ್ತಿನ ನಮೂನೆ 9, 11ಕ್ಕೆ ಪಿಡಿಒ ಹಾಕುವುದು ಇದೇ ಸಹಿ.

ಈ ಸಹಿಗೆ ಎರಡು ವಸ್ತು ಬೇಕು. ಸಹಿ ಮಾಡಲು ಖಾಸಗಿ ಕೀ, ಅದು ಯಾರದೆಂದು ತೋರಿಸಲು ಸರ್ಟಿಫಿಕೇಟ್. ಸರ್ಟಿಫಿಕೇಟನ್ನು ಊರಿಗೆಲ್ಲ ತೋರಿಸಬಹುದು, ಕೀಯನ್ನು ಹೆಂಡತಿ ಮಕ್ಕಳಿಗೂ ಕೊಡಬಾರದು. ವಿಚಿತ್ರವೆಂದರೆ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟುವ ಪದ್ಧತಿ ಬಂತು. ಮೈಕ್ರೋಸಾಫ್ಟ್ ಪಿಎಫ್‌ಎಕ್ಸ್ ಎಂಬ ಫೈಲ್ ರೂಪಿಸಿತು. 1999ರಲ್ಲಿ ಆರ್‌ಎಸ್‌ಎ ಕಂಪನಿ ಅದನ್ನು ತಿದ್ದಿ ಪಿಕೆಸಿಎಸ್ 12 ಎಂದು ಪ್ರಕಟಿಸಿತು. ಒಂದು ಪಾಸ್‌ವರ್ಡ್ ಹಾಕಿದರೆ ಗಂಟು ಭದ್ರ ಎಂಬ ಲೆಕ್ಕ.

ಆದರೆ ಆ ಕಾಲದಲ್ಲಿ ಗಟ್ಟಿ ಗೂಢಲಿಪಿಯನ್ನು ಹೊರದೇಶಕ್ಕೆ ಕಳಿಸಲು ಅಮೆರಿಕ ಬಿಡುತ್ತಿರಲಿಲ್ಲ. 40 ಬಿಟ್‌ಗೆ ಮಿತಿ. ಅಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆ. ಕೇಳಲು ದೊಡ್ಡದು, ಕಂಪ್ಯೂಟರಿಗೆ ಏನೂ ಅಲ್ಲ. 2000ದಲ್ಲಿ ನಿಯಮ ಸಡಿಲವಾದರೂ ಅಭ್ಯಾಸ ಹೋಗಲಿಲ್ಲ. ಗಂಟಿನ ಸರ್ಟಿಫಿಕೇಟ್ ಭಾಗಕ್ಕೆ ಅದೇ 40 ಬಿಟ್ ಬೀಗ ವರ್ಷಗಟ್ಟಲೆ ಉಳಿಯಿತು. ಗಂಟು ಬಿಚ್ಚಲು ಹೆಚ್ಚು ಬಳಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶ 2021ರ ಸೆಪ್ಟೆಂಬರಿನ 3.0 ಆವೃತ್ತಿಯಲ್ಲಿ ಈ ಹಳೆ ಬೀಗವನ್ನು ಬದಿಗಿಟ್ಟಿತು. ಆಮೇಲೆ ಪಾಸ್‌ವರ್ಡ್ ಸರಿಯಿದ್ದರೂ ಹಳೆ ಫೈಲ್ ತೆರೆಯದೆ ಎಷ್ಟೋ ಜನ ತಲೆ ಕೆರೆದುಕೊಂಡರು. ‘ಲೆಗಸಿ’ ಎಂಬ ಆಯ್ಕೆ ಸೇರಿಸಿದರೆ ತೆರೆಯುತ್ತದೆ.

ಬಿಚ್ಚುವ ಕೆಲಸ ಒಂದು ನಿಮಿಷದ್ದು. ‘ನೋಕೀಸ್’ ಎಂದರೆ ಸರ್ಟಿಫಿಕೇಟ್ ಮಾತ್ರ ಹೊರಬರುತ್ತದೆ, ‘ನೋಸರ್ಟ್ಸ್’ ಎಂದರೆ ಕೀ. ಆ ಕೀಗೆ ಹೊಸ ಪಾಸ್‌ವರ್ಡ್ ಕೇಳುತ್ತದೆ. ಅದು ಬೇಡವೆಂದು ಹೇಳುವ ಆಯ್ಕೆಯೂ ಇದೆ, ಅಲ್ಲೇ ಅಪಾಯ. ಬೆತ್ತಲೆ ಕೀ ಪೆನ್‌ಡ್ರೈವಿಗೆ ಹೋದರೆ ಎಷ್ಟು ನಕಲಾಯಿತು ಎಂದು ಯಾರೂ ಹೇಳಲಾರರು. ನಕಲಿನಿಂದ ಹಾಕಿದ ಸಹಿಗೂ ಅಸಲಿಗೂ ವ್ಯತ್ಯಾಸವೇ ಇರುವುದಿಲ್ಲ.

ಇದಕ್ಕೇ ನಮ್ಮ ದೇಶದಲ್ಲಿ ಡಿಜಿಟಲ್ ಸಹಿಯ ಕೀಯನ್ನು ಯುಎಸ್‌ಬಿ ಟೋಕನ್ನಿನೊಳಗೇ ಹುಟ್ಟಿಸಬೇಕೆಂಬ ನಿಯಮ ಬಂತು. ನಾವು ಡಾಂಗಲ್ ಅನ್ನುವುದು ಅದನ್ನೇ. ಸರ್ಟಿಫಿಕೇಟ್ ಹೊರಬರುತ್ತದೆ, ಕೀ ಬರುವುದಿಲ್ಲ. ಆದರೂ ಡಾಂಗಲ್ಲನ್ನೂ ಪಾಸ್‌ವರ್ಡನ್ನೂ ಒಟ್ಟಿಗೆ ಇನ್ನೊಬ್ಬರ ಕೈಗೆ ಕೊಟ್ಟರೆ ಟೋಕನ್ ಏನು ಮಾಡೀತು? ಕಾಯ್ದೆಯ 42ನೇ ಕಲಂ ಪ್ರಕಾರ, ಕೀ ಕೈತಪ್ಪಿದೆ ಎಂದು ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೆ ತಿಳಿಸುವವರೆಗೂ ಹೊಣೆ ಸರ್ಟಿಫಿಕೇಟ್ ಯಾರ ಹೆಸರಲ್ಲಿದೆಯೋ ಅವರದೇ.