ಹೃದಯ ಸರಿಹೋಯಿತು, ಬಾಗಿಲು?

ಆಂಜಿಯೋಪ್ಲಾಸ್ಟಿ ಮುಗಿಸಿಕೊಂಡ ಬಂಧುವನ್ನು ನೋಡಲು ಹೋದಾಗ ನೀವು ಕೇಳುವುದು ಹೃದಯದ ವಿಚಾರ. ದಾದಿಯರು ಮತ್ತೆ ಮತ್ತೆ ಬಂದು ನೋಡುವುದು ತೊಡೆಸಂದನ್ನು ಅಥವಾ ಮಣಿಕಟ್ಟನ್ನು. ಏಕೆಂದು ಯೋಚಿಸಿದ್ದೀರಾ?

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ಯುವ ವೈದ್ಯ ವೆರ್ನರ್ ಫೋರ್ಸ್‌ಮನ್ ತಮ್ಮ ತೋಳಿನ ಅಭಿಧಮನಿಯೊಳಗೆ ತಾವೇ 65 ಸೆಂಟಿಮೀಟರ್ ನಳಿಕೆ ತೂರಿಸಿಕೊಂಡು ಎಕ್ಸ್‌-ರೇ ಕೋಣೆಗೆ ನಡೆದೇ ಹೋದರು. ನಳಿಕೆಯ ತುದಿ ಹೃದಯ ಮುಟ್ಟಿತ್ತು! 1956ರಲ್ಲಿ ಅವರಿಗೆ, ಇನ್ನಿಬ್ಬರೊಡನೆ, ನೊಬೆಲ್ ಪ್ರಶಸ್ತಿ ಬಂತು.

ಅಭಿಧಮನಿಯಲ್ಲಿ ರಕ್ತದ ಒತ್ತಡ ಕಡಿಮೆ. ಆದರೆ ಹೃದಯಕ್ಕೇ ರಕ್ತ ಉಣಿಸುವ ಕರೊನರಿ ನಾಳಗಳನ್ನು ತಲುಪಲು ಧಮನಿಯನ್ನು ಚುಚ್ಚಬೇಕು. ಅಲ್ಲಿ ರಕ್ತ ಚಿಮ್ಮುತ್ತದೆ. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಸರಳ ಉಪಾಯ ಹೇಳಿದರು: ಸೂಜಿ ಚುಚ್ಚಿ, ಅದರೊಳಗಿಂದ ತಂತಿ ಬಿಟ್ಟು, ಸೂಜಿ ತೆಗೆದು, ತಂತಿಯ ಮೇಲೆ ನಳಿಕೆ ಜಾರಿಸುವುದು. 1977ರ ಸೆಪ್ಟೆಂಬರ್ 16ರಂದು ಜೂರಿಚ್‌ನಲ್ಲಿ ಗ್ರುಂಟ್‌ಸಿಗ್ ಬಲೂನಿನಿಂದ ಕರೊನರಿ ನಾಳವನ್ನು ಹಿಗ್ಗಿಸಿದರು. ತೊಡೆಸಂದು ಹೃದಯದ ಹೆಬ್ಬಾಗಿಲಾಯಿತು.

ಬಾಗಿಲು ತೆರೆದಷ್ಟು ಸುಲಭವಾಗಿ ಮುಚ್ಚಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಟ್ಟಿರುತ್ತಾರೆ. ಆದ್ದರಿಂದ ರಂಧ್ರವೂ ಬೇಗ ಮುಚ್ಚದು. ತೀರಾ ಮೇಲೆ ಚುಚ್ಚಿದರೆ ಅದುಮಲು ಕೆಳಗೆ ಮೂಳೆಯ ಆಸರೆಯಿಲ್ಲ. ರಕ್ತ ಹೊಟ್ಟೆಯ ಹಿಂಭಾಗದಲ್ಲಿ ಕಣ್ಣಿಗೆ ಕಾಣದಂತೆ ಶೇಖರವಾಗುತ್ತದೆ. ತೀರಾ ಕೆಳಗೆ ಚುಚ್ಚಿದರೆ ನಾಳದ ಪಕ್ಕದಲ್ಲಿ ಮಿಡಿಯುವ ಗಂಟು ಏಳಬಹುದು. ಇಂಥ ಗಂಟನ್ನು ಅನೇಕ ವೇಳೆ ಅಲ್ಟ್ರಾಸೌಂಡ್ ನೋಡುತ್ತಾ ಥ್ರಾಂಬಿನ್ ಚುಚ್ಚಿ, ಶಸ್ತ್ರಕ್ರಿಯೆಯಿಲ್ಲದೆ ಮುಚ್ಚಬಹುದು.

ಬಾಗಿಲನ್ನೇ ಬದಲಿಸಿದರೆ? 1989ರಲ್ಲಿ ಮಾಂಟ್ರಿಯಲ್‌ನ ಕಾಂಪೋ ಮಣಿಕಟ್ಟಿನಿಂದ ಕರೊನರಿ ಚಿತ್ರ ತೆಗೆದದ್ದನ್ನು ವರದಿ ಮಾಡಿದರು. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕೀಮೆನೈ ಅಲ್ಲಿಂದಲೇ ಚಿಕಿತ್ಸೆ ಆರಂಭಿಸಿದರು. ನಾಡಿ ಹಿಡಿದು ನೋಡುವ ಆ ಧಮನಿ ಚರ್ಮದಡಿಯಲ್ಲೇ, ಮೂಳೆಯ ಮೇಲೆಯೇ ಇದೆ. ಅದುಮಿದರೆ ರಕ್ತ ನಿಲ್ಲುತ್ತದೆ. 2011ರಲ್ಲಿ ಪ್ರಕಟವಾದ, 7,000ಕ್ಕೂ ಹೆಚ್ಚು ರೋಗಿಗಳ ರೈವಲ್ ಅಧ್ಯಯನದಲ್ಲಿ ರಕ್ತನಾಳದ ದೊಡ್ಡ ತೊಡಕುಗಳು ತೊಡೆಯ ದಾರಿಯಲ್ಲಿ ಶೇಕಡಾ 3.7, ಮಣಿಕಟ್ಟಿನಲ್ಲಿ 1.4.

ಮಣಿಕಟ್ಟೂ ನಿರಪಾಯವಲ್ಲ. ಅತಿ ಬಿಗಿಯಾಗಿ ಕಟ್ಟಿದರೆ ನಾಳವೇ ಮುಚ್ಚಿಹೋಗಬಹುದು. ದಪ್ಪ ನಳಿಕೆ ಬೇಕಾದ ಕವಾಟ ಚಿಕಿತ್ಸೆಗೆ ಸಾಮಾನ್ಯವಾಗಿ ಇಂದಿಗೂ ತೊಡೆಯೇ ಗತಿ.

ಆದ್ದರಿಂದ ಒಂದು ಮಾತು ನೆನಪಿಡಿ. ತೊಡೆಯಿಂದ ಚಿಕಿತ್ಸೆಯಾದವರು ಸೊಂಟ ನೋವು, ತಲೆಸುತ್ತು, ಬೆವರು ಎಂದರೆ "ಮಲಗಿ ಮಲಗಿ ಹಾಗಾಗಿದೆ" ಎಂದು ಸಮಾಧಾನ ಹೇಳಬೇಡಿ. ತಕ್ಷಣ ದಾದಿಯನ್ನು ಕರೆಯಿರಿ. ಹೃದಯ ಗೆದ್ದವರು ಬಾಗಿಲಲ್ಲಿ ಸೋಲಬಾರದು.