ರಿಯಾಕ್ಟರಿನ ಪಕ್ಕದ ಎಣ್ಣೆ

ಗದಗ ಜಿಲ್ಲೆಯ ಕಪ್ಪತಗುಡ್ಡದ ಗಾಳಿಯಂತ್ರಗಳ ಗೇರ್‌ಬಾಕ್ಸ್ ಎಣ್ಣೆಯನ್ನು ಕೆಡಿಸುವುದು ಶಾಖ, ತೇವ ಮತ್ತು ಲೋಹದ ಪುಡಿ. ಕೈಗಾದ ಅಣುಸ್ಥಾವರದಲ್ಲಿ ಇವುಗಳ ಜೊತೆಗೆ ಗಾಮಾ ಕಿರಣವೂ ಸೇರುತ್ತದೆ.

ಎಲ್ಲಿ ತಾಗುತ್ತದೆ?

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಭಾರಜಲ ರಿಯಾಕ್ಟರುಗಳಿವೆ. ಟರ್ಬೈನಿಗೆ ಬರುವ ಉಗಿ ಈ ಭಾರಜಲದ್ದಲ್ಲ, ಬೇರೆಯೇ ನೀರಿನದು. ಹಾಗಾಗಿ ಅಲ್ಲಿನ ಬೇರಿಂಗ್ ಎಣ್ಣೆಗೆ ವಿಕಿರಣದ ಕಾಟವಿಲ್ಲ. ಕಷ್ಟವಿರುವುದು ರಿಯಾಕ್ಟರ್ ಕಟ್ಟಡದೊಳಗೆ, ಭಾರಜಲ ತಿರುಗಿಸುವ ಮುಖ್ಯ ಪಂಪುಗಳ ಮೋಟಾರುಗಳಲ್ಲಿ ಮತ್ತು ರಿಯಾಕ್ಟರ್ ಓಡುತ್ತಿರುವಾಗಲೇ ಇಂಧನ ಬದಲಿಸುವ ಯಂತ್ರದಲ್ಲಿ. ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿತು. ಅಂಥ ಓಟಕ್ಕೆ ಬಾಳಿಕೆಯ ಎಣ್ಣೆಯೇ ಬೇಕು.

ಒಳಗೆ ಆಗುವುದೇನು?

ಗಾಮಾ ಕಿರಣ ಎಣ್ಣೆಯ ಅಣುಬಂಧಗಳನ್ನು ಮುರಿಯುತ್ತದೆ. ಹೈಡ್ರೋಜನ್, ಮೀಥೇನ್ ಹೊರಬೀಳುತ್ತವೆ. ಉಳಿದ ತುಣುಕುಗಳು ಒಂದಕ್ಕೊಂದು ಹೆಣೆದುಕೊಂಡು ಎಣ್ಣೆ ದಪ್ಪಗಾಗುತ್ತದೆ. ಗದಗಿನಲ್ಲಿ ಮಿರ್ಚಿ ಕರಿದು ಕರಿದು ಬಾಣಲೆಯ ಎಣ್ಣೆ ಕಪ್ಪಾಗಿ ಜಿಗುಟಾಗುವುದೂ ಇದೇ ಜಾತಿಯ ಕ್ರಿಯೆ. ಅಲ್ಲಿ ಶಾಖದ ಕೆಲಸ, ಇಲ್ಲಿ ಕಿರಣದ್ದು. ಗಾಳಿ ಸೇರಿದರೆ ಆಮ್ಲ ಹುಟ್ಟಿ ಕೆಸರು ಕಟ್ಟುತ್ತದೆ.

ಎಣ್ಣೆಗಿಂತ ಮೊದಲು ಸೋಲುವುದು ಅದಕ್ಕೆ ಬೆರೆಸಿದ ರಾಸಾಯನಿಕಗಳು. ಸ್ನಿಗ್ಧತೆ ಕಾಯಲು ಹಾಕಿದ ಪಾಲಿಮರ್ ಸರಪಳಿ ಕಡಿದರೆ ಎಣ್ಣೆ ಆರಂಭದಲ್ಲಿ ತೆಳ್ಳಗಾಗುವುದೂ ಉಂಟು. ಆದ್ದರಿಂದ ಬೆರಳಿಗೆ ಹಚ್ಚಿ ನೋಡಿದರೆ ಸಾಲದು. 40 ಡಿಗ್ರಿಯಲ್ಲಿ ಸ್ನಿಗ್ಧತೆ ಅಳೆಯಬೇಕು, ಆಮ್ಲಾಂಶ ನೋಡಬೇಕು. ಗ್ರೀಸಿನ ಪಾಡು ಇನ್ನೂ ಕಷ್ಟ. ಎಣ್ಣೆ ಹಿಡಿದಿಟ್ಟ ಸಾಬೂನಿನ ಜಾಲ ಕುಸಿದು ಮೊದಲು ಸೋರುತ್ತದೆ, ಆಮೇಲೆ ಗಟ್ಟಿಯಾಗಿ ಬೇರಿಂಗನ್ನೇ ಹಿಡಿದುಬಿಡುತ್ತದೆ.

ಯಾವುದು ತಾಳುತ್ತದೆ?

ಇಡೀ ಮೈಗೆ ಒಮ್ಮೆಲೇ 4–5 ಗ್ರೇ (ಮೈ ಹೀರಿದ ವಿಕಿರಣದ ಅಳತೆ) ವಿಕಿರಣ ತಾಗಿದರೆ, ಚಿಕಿತ್ಸೆ ಸಿಗದಿದ್ದಲ್ಲಿ, ಮನುಷ್ಯ ಉಳಿಯುವುದು ಕಷ್ಟ. ಒಳ್ಳೆಯ ಖನಿಜ ಎಣ್ಣೆ ಸುಮಾರು 10 ಲಕ್ಷ ಗ್ರೇವರೆಗೂ ತಾಳಬಲ್ಲದು. ಪಾಲಿಫೀನೈಲ್ ಈಥರ್ ಅದರ ಹತ್ತು ಪಟ್ಟು ತಾಳುತ್ತದೆ. ಅದರ ಬೆಂಜೀನ್ ಉಂಗುರಗಳು ಬಿದ್ದ ಶಕ್ತಿಯನ್ನು ಹಂಚಿಕೊಂಡು ಬಂಧ ಉಳಿಸಿಕೊಳ್ಳುತ್ತವೆ. ಬೇರೆಡೆ ಹೆಸರುವಾಸಿಯಾದ ಸಿಲಿಕೋನ್ ಇಲ್ಲಿ ಬೇಗ ಜೆಲ್ಲಿಯಾಗುತ್ತದೆ, ಟೆಫ್ಲಾನ್ ಪುಡಿಯಾಗುತ್ತದೆ. ವಿಕಿರಣ ತೀರಾ ಹೆಚ್ಚಿರುವಲ್ಲಿ ಮಾಲಿಬ್ಡಿನಂ ಡೈಸಲ್ಫೈಡಿನಂಥ ಒಣ ಪುಡಿಯೇ ಗತಿ.

ಹಳೆಯ ಎಣ್ಣೆ

ಗಾಮಾ ಕಿರಣ ತಾಗಿದ ಮಾತ್ರಕ್ಕೆ ಎಣ್ಣೆ ವಿಕಿರಣಶೀಲವಾಗುವುದಿಲ್ಲ. ಈ ತಪ್ಪು ತಿಳಿವಳಿಕೆ ಹೋಗಲೇಬೇಕು. ಎಣ್ಣೆಯನ್ನು ಮಲಿನಗೊಳಿಸುವುದು ಸೋರಿ ಬೆರೆತ ಭಾರಜಲದಲ್ಲಿನ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್. ಅದರ ಅರ್ಧಾಯುಷ್ಯ 12.3 ವರ್ಷ. ಅಂಥ ಎಣ್ಣೆಯನ್ನು ಗುಜರಿಗೆ ಕೊಡುವಂತಿಲ್ಲ. ಅಳೆದು, ಪ್ರತ್ಯೇಕ ಡ್ರಮ್ಮುಗಳಲ್ಲಿಟ್ಟು, ನಿಯಂತ್ರಿತ ಕುಲುಮೆಯಲ್ಲಿ ಸುಡಬೇಕು ಇಲ್ಲವೇ ಘನರೂಪಕ್ಕೆ ತಂದು ಕಾಯ್ದಿಡಬೇಕು.