ಬನ್ನಿ: ಬೆಳಗಾವಿ ಗಡಿಸೀಮೆಯ ದಸರಾ ಮತ್ತು ಒಂದು ಸಂಕೇತದ ಇತಿಹಾಸ

ಬನ್ನಿ ಅಥವಾ ಶಮೀ ಒಣಸೀಮೆಯ ಮುಳ್ಳಿನ ಮರ. ಸಸ್ಯಶಾಸ್ತ್ರದ ಹೆಸರು ಪ್ರೊಸೋಪಿಸ್ ಸಿನರೇರಿಯಾ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ವಿಜಯದಶಮಿಯಂದು ಜನ ಬನ್ನಿಗೆ ಪೂಜೆ ಸಲ್ಲಿಸಿ, ಎಲೆಯನ್ನು ಹಿರಿಯರ ಕೈಗಿತ್ತು ಕಾಲಿಗೆರಗುತ್ತಾರೆ. ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎಂಬುದು ಅಂದಿನ ಮಾತು. ಮರಾಠಿ ಮನೆಗಳಲ್ಲಿ ಅಂದು ಹಂಚುವ ಎಲೆಗೆ ‘ಸೋನೆ’, ಅಂದರೆ ಬಂಗಾರ, ಎನ್ನುತ್ತಾರೆ. ಈ ಬಂಗಾರದ ಕಲ್ಪನೆ ಪುರಾತನ ಗ್ರಂಥಗಳಿಂದಲೇ ಇಳಿದುಬಂದದ್ದೆಂಬ ನಂಬಿಕೆ ಸಾಮಾನ್ಯ. ಆದರೆ ಗ್ರಂಥಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಮರದ ಅರ್ಥ ಮತ್ತೆ ಮತ್ತೆ ಬದಲಾಗಿರುವುದು ಕಾಣುತ್ತದೆ. ಬದಲಾದ ಅರ್ಥಗಳನ್ನೆಲ್ಲ ಒಟ್ಟಿಗೆ ಹಿಡಿದಿಟ್ಟದ್ದು ಹಬ್ಬದ ಆಚರಣೆ.

ವೈದಿಕ ಸಾಹಿತ್ಯದಲ್ಲಿ ಶಮಿಯ ನಂಟು ಬೆಂಕಿಯೊಂದಿಗೆ. ಶಮಿಯ ಮೇಲೆ ಬೆಳೆದ ಅಶ್ವತ್ಥದಿಂದ ಯಜ್ಞದ ಅರಣಿಯನ್ನು, ಅಂದರೆ ಬೆಂಕಿ ಕಡೆಯುವ ಕಟ್ಟಿಗೆಯನ್ನು, ಮಾಡಬೇಕೆಂಬ ವಿಧಿಯಿದೆ. ಅಥರ್ವವೇದದ ಆರನೆಯ ಕಾಂಡದ ಸೂಕ್ತವೊಂದು ಇದೇ ಜೋಡಿಯನ್ನು ಪುತ್ರಸಂತಾನಕ್ಕೆ ಸಂಕೇತವಾಗಿಸುತ್ತದೆ. ಮಹಾಭಾರತದ ವಿರಾಟಪರ್ವದಲ್ಲಿ ಚಿತ್ರವೇ ಬೇರೆ. ಅಲ್ಲಿ ಶಮೀವೃಕ್ಷ ಇರುವುದು ಸ್ಮಶಾನದ ಬಳಿ. ಪಾಂಡವರು ಆಯುಧಗಳನ್ನು ಅದರಲ್ಲಿ ಬಚ್ಚಿಟ್ಟು, ಯಾರೂ ಹತ್ತಿರ ಸುಳಿಯದಿರಲೆಂದು ಟೊಂಗೆಗೆ ಹೆಣವೊಂದನ್ನು ಕಟ್ಟಿ, ಅದು ನೂರೆಂಬತ್ತು ವರ್ಷ ಬಾಳಿದ ತಮ್ಮ ತಾಯಿಯದೆಂದು ಸುದ್ದಿ ಹಬ್ಬಿಸುತ್ತಾರೆ. ಮಂಗಳದ ಮಾತು ದೂರವೇ ಉಳಿಯಿತು. ಜನ ಹೆದರುವ ಮರವಾದ್ದರಿಂದಲೇ ಅದು ಅವರಿಗೆ ಒದಗಿತು. ಇನ್ನು ಬಂಗಾರಕ್ಕೆ ಆಧಾರವೆಂದು ಹೇಳುವುದು ರಾಜ ರಘು ಮತ್ತು ಅವನ ಬಳಿ ಬೇಡಲು ಬಂದ ವಿದ್ಯಾರ್ಥಿ ಕೌತ್ಸನ ಕಥೆ. ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಕೌತ್ಸನ ಹದಿನಾಲ್ಕು ಕೋಟಿ ಗುರುದಕ್ಷಿಣೆಗಾಗಿ ಕುಬೇರನ ಹೊನ್ನು ಸುರಿಯುವುದು ರಘುವಿನ ಕೋಶಗೃಹದಲ್ಲಿ, ಶಮೀವೃಕ್ಷ ಅಲ್ಲಿಲ್ಲ. ಹೊನ್ನಿನ ಮಳೆಯನ್ನು ಬನ್ನಿಯ ಮೇಲೆ ಸುರಿಸಿದ್ದು ಆಮೇಲಿನ ಜನಪರಂಪರೆ.

ಆಚರಣೆಯೇ ಮುಖ್ಯವೆಂಬುದಕ್ಕೆ ಇನ್ನೊಂದು ಸಾಕ್ಷಿ ಎಲೆಯಲ್ಲೇ ಇದೆ. ಬನ್ನಿಯ ಎಲೆ ಸಣ್ಣ ಸಣ್ಣ ದಳಗಳ ಸಾಲು. ಮರಾಠಿ ಸೀಮೆಯಲ್ಲಿ ಸೋನೆಯಾಗಿ ಹೆಚ್ಚಾಗಿ ಹಂಚುವುದು ಆಪಟಾ ಗಿಡದ ಎಲೆ: ಅಗಲವಾದ, ತುದಿಯಲ್ಲಿ ಎರಡಾಗಿ ಸೀಳಿದ, ಕಂಚುವಾಳದ ಬಳಗದ ಎಲೆ. ಎರಡೂ ಗಿಡಗಳಿಗೆ ಹೋಲಿಕೆಯೇ ಇಲ್ಲ, ಆದರೂ ಕೈಬದಲಾಗುವುದು ಅದೇ ಬಂಗಾರ. ಶಮೀ ಸಿಗದಿದ್ದರೆ ಅಶ್ಮಂತಕವನ್ನು, ಅಂದರೆ ಆಪಟೆಯನ್ನು, ಪೂಜಿಸಬಹುದೆಂದು ಪಂಢರಪುರದ ಕಾಶೀನಾಥ ಉಪಾಧ್ಯಾಯರು 18ನೆಯ ಶತಮಾನದ ಕೊನೆಯಲ್ಲಿ ರಚಿಸಿದ ಧರ್ಮಸಿಂಧು ಹೇಳುತ್ತದೆ. ಹಾಗಾದರೆ ಶಾಸ್ತ್ರವೇ ಆಚರಣೆಯನ್ನು ನಡೆಸುತ್ತಿದೆಯಲ್ಲ ಎಂದು ಆಕ್ಷೇಪಿಸಬಹುದು. ಆದರೆ ಈ ಅನುಮತಿಯಿಂದ ತಿಳಿಯುವುದಿಷ್ಟು: ಮರ ಯಾವುದೆಂಬುದಕ್ಕಿಂತ ಪೂಜೆ ನಿಲ್ಲಬಾರದೆಂಬುದು ಶಾಸ್ತ್ರಕಾರರಿಗೂ ಮುಖ್ಯವಾಗಿತ್ತು.

ಇದು ಮೂಲತಃ ಅರಸರ ದಂಡಯಾತ್ರೆಯ ವಿಧಿ, ಹಳ್ಳಿಗರು ಅನುಕರಿಸಿದರು ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಹುರುಳಿದೆ. ಮಳೆಗಾಲ ಮುಗಿದು ದಂಡು ಹೊರಡುವ ಹೊತ್ತಿನ ಸೀಮೋಲ್ಲಂಘನ, ಅಂದರೆ ಗಡಿ ದಾಟುವ ವಿಧಿ, ವಿಜಯದಶಮಿಯ ಅಂಗ. ಮೈಸೂರಿನ ಜಂಬೂಸವಾರಿ ಬನ್ನಿಮಂಟಪಕ್ಕೆ ಸಾಗುತ್ತದೆ, ಕೊಲ್ಹಾಪುರದ ದಸರಾ ಚೌಕದಲ್ಲಿ ರಾಜಮನೆತನದವರು ಶಮೀಪೂಜೆ ನೆರವೇರಿಸುತ್ತಾರೆ. ರಾಯಬಾಗವು 1949ರ ವಿಲೀನದವರೆಗೂ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಆದರೆ ಅನುಕರಣೆಯಷ್ಟೇ ಆಗಿದ್ದರೆ ಸಂಸ್ಥಾನದೊಂದಿಗೆ ಅದೂ ಕಳೆಗುಂದಬೇಕಿತ್ತು. ಹಾಗಾಗದಿರಲು ಕಾರಣ ಅದಕ್ಕಿದ್ದ ಒಕ್ಕಲುತನದ ಬೇರು. ನವರಾತ್ರಿಯಲ್ಲಿ ಘಟ ಹಾಕಿ, ಹೊಲದ ಮಣ್ಣಿನಲ್ಲಿ ಕಾಳು ಬಿತ್ತಿ, ನೆರಳಲ್ಲಿ ಮೊಳೆತ ಹಳದಿ ಸಸಿಗಳನ್ನು ದೇವರಿಗೆ ಏರಿಸುವ ಮನೆಗಳಲ್ಲಿ ಬನ್ನಿಯ ಎಲೆ ಬೆಳೆಯ ಹಾರೈಕೆಯೂ ಹೌದು. ಆಯುಧವಿಲ್ಲದವನ ಕೈಯಲ್ಲೂ ಅದಕ್ಕೆ ಅರ್ಥವಿದೆ.

ಎಲೆಗಾಗಿ ಟೊಂಗೆಗಳನ್ನೇ ಕಡಿಯುವುದನ್ನು ಪ್ರಶ್ನಿಸಿದಾಗ ಸಂಪ್ರದಾಯದ ಮಾತು ಬರುತ್ತದೆ. ಈ ಸಂಪ್ರದಾಯ ಮರವನ್ನೇ ಬದಲಿಸಿಕೊಂಡು ಉಳಿದದ್ದು. ಹೊರೆಯ ಬದಲು ಒಂದೇ ಎಲೆ ಕೊಟ್ಟರೂ ಅದರ ಬಂಗಾರಕ್ಕೆ ಕುಂದಿಲ್ಲ.